ಸರ್ವರ್ ಬೋರ್ಡಿನ ಪುಟ್ಟ ಸ್ವಿಚ್ಚುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೇ ಸರ್ವರ್ ಕೊಳ್ಳೋದರ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಮುಚ್ಚಳ ತೆಗೆದ್ರೆ ಬೋರ್ಡ್ ಮೇಲೆ ಸಣ್ಣ ಸಣ್ಣ ಬಿಳಿ ಸ್ವಿಚ್ಚುಗಳ ಸಾಲೊಂದು ಕಾಣತ್ತಲ್ಲ, ಅದನ್ನ ಮುಟ್ಬಹುದಾ, ಮುಟ್ಟಿದ್ರೆ ಏನಾಗತ್ತೆ, ಮುಟ್ಟಿ ಆಗೋಗಿದೆ ಈಗೇನ್ ಮಾಡೋದು ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀವಿ. ಬರೆದವರಲ್ಲಿ ಮುಕ್ಕಾಲು ಜನರ ಹತ್ರ ಇರೋದು ಎಚ್‌ಪಿ ಪ್ರೊಲಯಂಟ್ ಸರ್ವರಿನ ಜೆನ್8, ಜೆನ್9, ಅಂದ್ರೆ ಎಂಟನೇ, ಒಂಬತ್ತನೇ ತಲೆಮಾರಿನವು. ಉತ್ತರಾನೂ ಹೆಚ್ಚಾಗಿ ಅದರ ಮೇಲೇ ಇದೆ, ಡೆಲ್ ಮತ್ತೆ ಸೂಪರ್‌ಮೈಕ್ರೋ ಇಟ್ಕೊಂಡಿರೋರು ಕೊನೇ ಪ್ರಶ್ನೆ ನೋಡಿ.

ಪ್ರಶ್ನೆ: ಸರ್, ನಮ್ಮದು ಚಿಕ್ಕ ಸಹಕಾರ ಸಂಘ. ಸೆಕೆಂಡ್ ಹ್ಯಾಂಡ್ ಡಿಎಲ್380 ಜೆನ್9 ಒಂದು ತಂದಿದೀವಿ, ಬಿಲ್ ಎಲ್ಲಾ ಇದೆ. ಆನ್ ಮಾಡಿದ ತಕ್ಷಣ ಪವರ್-ಆನ್ ಪಾಸ್‌ವರ್ಡ್ ಕೇಳತ್ತೆ, ಮಾರಿದವರಿಗೂ ಗೊತ್ತಿಲ್ವಂತೆ. ಸೆಲ್ ತೆಗೆದು ರಾತ್ರಿಯೆಲ್ಲಾ ಹಾಗೇ ಇಟ್ಟು ನೋಡಿದೆ, ಗಡಿಯಾರದ ಟೈಮ್ ಹೋಯ್ತೇ ಹೊರತು ಪಾಸ್‌ವರ್ಡ್ ಹಾಗೇ ಇದೆ. ಏನ್ ಮಾಡ್ಲಿ?
(ಸಂಘದ ಕಂಪ್ಯೂಟರ್ ಆಪರೇಟರ್, ದಾವಣಗೆರೆ)

ಉತ್ತರ: ಸೆಲ್ ತೆಗೆಯೋ ಉಪಾಯ ಹಳೇ ಡೆಸ್ಕ್‌ಟಾಪ್ ಕಾಲದ್ದು. ಆಗ ಬಯೋಸ್ (ಆನ್ ಮಾಡಿದ ಕೂಡಲೇ ಮೊದಲು ಓಡೋ ಬೋರ್ಡಿನದೇ ಪ್ರೋಗ್ರಾಂ) ಸೆಟ್ಟಿಂಗು, ಪಾಸ್‌ವರ್ಡು ಎಲ್ಲಾ ಆ ಸಿಆರ್2032 ಸೆಲ್‌ನ 3 ವೋಲ್ಟ್ ಮೇಲೇ ಬದುಕ್ತಿತ್ತು, ಸೆಲ್ ಕಿತ್ರೆ ಅಳಿಸಿ ಹೋಗ್ತಿತ್ತು. ಈಗಿನ ಸರ್ವರ್‌ಗಳಲ್ಲಿ ಅವನ್ನ ಇಡೋದು ಫ್ಲ್ಯಾಶ್ ಮೆಮೊರಿಯಲ್ಲಿ, ಅದಕ್ಕೆ ಕರೆಂಟೂ ಬೇಡ ಸೆಲ್ಲೂ ಬೇಡ. ಸೆಲ್‌ಗೆ ಉಳಿದಿರೋ ದೊಡ್ಡ ಕೆಲಸ ಅಂದ್ರೆ ಗಡಿಯಾರ ನಡೆಸೋದು, ನಿಮಗೆ ಟೈಮ್ ಮಾತ್ರ ಹೋಗಿದ್ದು ಅದಕ್ಕೇ.

ನಿಮಗೆ ಬೇಕಾಗಿರೋದು ಸಿಸ್ಟಮ್ ಮೇಂಟೆನೆನ್ಸ್ ಸ್ವಿಚ್. ಡಿಎಲ್380 ಜೆನ್9ರಲ್ಲಿ 12 ಸ್ವಿಚ್ಚಿನ ಒಂದು ಪಟ್ಟಿ ಇದೆ. ಹನ್ನೆರಡು ಇದೆ ಅಂತ ಹೆದರ್ಬೇಡಿ, ನಮಗೆ ಕೆಲಸಕ್ಕೆ ಬರೋದು ಎಸ್1, ಎಸ್2, ಎಸ್5, ಎಸ್6, ಎಸ್7 ಇಷ್ಟೇ, ಉಳಿದವು ರಿಸರ್ವ್ಡ್, ಅಂದ್ರೆ ಕಂಪನಿಯವರು ತಮಗೆ ಅಂತ ಇಟ್ಕೊಂಡಿರೋದು, ಅವನ್ನ ಮುಟ್ಟೋದೇ ಬೇಡ. ಫ್ಯಾಕ್ಟರಿಯಿಂದ ಬರೋವಾಗ ಎಲ್ಲಾ ಆಫ್ ಇರತ್ತೆ. ಎಸ್1 ಐಎಲ್‌ಓ (ಸರ್ವರನ್ನ ದೂರದಿಂದಲೇ ನೋಡ್ಕೊಳ್ಳೋಕೆ ಬೋರ್ಡಲ್ಲಿರೋ ಬೇರೆ ಚಿಪ್) ಸೆಕ್ಯೂರಿಟಿಗೆ, ಎಸ್2 ಆನ್ ಮಾಡಿದ್ರೆ ಸಿಸ್ಟಮ್ ಕಾನ್ಫಿಗರೇಶನ್ ಲಾಕ್ ಆಗತ್ತೆ, ಎಸ್5 ಪವರ್-ಆನ್ ಪಾಸ್‌ವರ್ಡ್ ಕೇಳೋದನ್ನ ನಿಲ್ಸತ್ತೆ, ಎಸ್6 ಸೆಟ್ಟಿಂಗ್ ಎಲ್ಲಾ ಅಳಿಸತ್ತೆ, ಎಸ್7 ಡೀಫಾಲ್ಟ್ ಬೂಟ್ ಮೋಡ್ ಯುಇಎಫ್‌ಐನಾ (ಹೊಸ ಬೂಟ್ ಪದ್ಧತಿ) ಲೆಗಸಿನಾ (ಹಳೇದು) ಅಂತ ತೀರ್ಮಾನ ಮಾಡತ್ತೆ. ಇದನ್ನ ಬಾಯಿಪಾಠ ಮಾಡೋ ಅಗತ್ಯ ಇಲ್ಲ, ಸರ್ವರಿನ ಮೇಲ್ಮುಚ್ಚಳ ತೆಗೆದು ತಿರುಗಿಸಿ ನೋಡಿ, ಒಳಬದಿಗೆ ಅಂಟಿಸಿರೋ ಲೇಬಲ್‌ನಲ್ಲಿ ಬೋರ್ಡಿನ ಚಿತ್ರ, ಸ್ವಿಚ್ ಎಲ್ಲಿದೆ, ಯಾವ ನಂಬರ್ ಯಾವ ಕೆಲಸಕ್ಕೆ ಅಂತ ಎಲ್ಲಾ ಇರತ್ತೆ. ಯೂಟ್ಯೂಬ್ ಹುಡುಕೋ ಮುಂಚೆ ಆ ಲೇಬಲ್ ಓದಿ ಅಂತ ನನ್ನ ಬೇಡಿಕೆ, ಯಾಕಂದ್ರೆ ವಿಡಿಯೋದಲ್ಲಿರೋದು ಬೇರೆ ಮಾಡೆಲ್ ಆಗಿರಬಹುದು, ಲೇಬಲ್ ಮಾತ್ರ ನಿಮ್ಮ ಪೆಟ್ಟಿಗೇದೇ.

ಈಗ ಕೆಲಸಕ್ಕೆ ಬರೋಣ. ಮೊದಲು ಸರ್ವರ್ ಆಫ್ ಮಾಡಿ. ಆಫ್ ಅಂದ್ರೆ ಬಟನ್ ಒತ್ತಿ ಫ್ಯಾನ್ ನಿಂತ್ರೆ ಸಾಕು ಅಂತ ಅಲ್ಲ, ಪವರ್ ಬಟನ್ನಿನ ಲೈಟ್ ಹಸಿರಿಂದ ಅಂಬರ್ ಬಣ್ಣಕ್ಕೆ ಬಂದಿರತ್ತೆ ನೋಡಿ, ಅದು ಸ್ಟ್ಯಾಂಡ್‌ಬೈ, ಬೋರ್ಡಿಗೆ ಇನ್ನೂ ಕರೆಂಟ್ ಹೋಗ್ತಾನೇ ಇದೆ, ಐಎಲ್‌ಓ ಎದ್ದೇ ಇದೆ. ಹಿಂದಿನ ಪವರ್ ಕೇಬಲ್ ಕೀಳಿ. ಪವರ್ ಸಪ್ಲೈ ಎರಡಿದ್ರೆ ಎರಡೂ ಕೀಳಿ, ಒಂದನ್ನ ಕಿತ್ತು ಇನ್ನೊಂದನ್ನ ಮರೆಯೋದು ಬಹಳ ಸಾಮಾನ್ಯ. ಒಳಗಿನ ಲೈಟ್ ಎಲ್ಲಾ ಆರೋವರೆಗೂ ಸ್ವಲ್ಪ ಕಾಯಿರಿ. ರಿಸ್ಟ್ ಸ್ಟ್ರಾಪ್ ಇದ್ರೆ ಹಾಕ್ಕೊಳ್ಳಿ, ಇಲ್ದಿದ್ರೆ ಬಣ್ಣ ಬಳಿಯದ ಲೋಹದ ಭಾಗ ಮುಟ್ಟಿ ಆಮೇಲೆ ಬೋರ್ಡಿಗೆ ಕೈ ಹಾಕಿ. ಲೇಬಲ್ ನೋಡಿ ಸ್ವಿಚ್ ಹುಡುಕಿ, ಕೆಲವು ಮಾಡೆಲ್‌ಗಳಲ್ಲಿ ಕಾರ್ಡ್ ಕೂರಿಸೋ ರೈಸರ್ ಅಡ್ಡ ಬಂದಿರತ್ತೆ, ಅದನ್ನ ಬಿಚ್ಚಿದ್ರೇನೇ ಕಾಣೋದು. ಅಲುಗಿಸೋ ಮುಂಚೆ ಮೊಬೈಲಲ್ಲಿ ಹತ್ತಿರದಿಂದ ಒಂದು ಫೋಟೋ ತೆಗೀರಿ, ನಂಬರ್ ಓದಕ್ಕಾಗೋ ಹಾಗೆ, ಆನ್ ಅಂತ ಬರೆದಿರೋ ಕಡೆ ಯಾವುದು ಅನ್ನೋದೂ ಕಾಣ್ಬೇಕು, ಯಾಕಂದ್ರೆ ಬೋರ್ಡ್ ತಲೆಕೆಳಗಾಗಿ ನೋಡ್ತಿದ್ರೆ 5 ಅಂದ್ಕೊಂಡು 8ಕ್ಕೆ ಕೈ ಹಾಕೋದು ಸುಲಭ.

ಎಸ್5 ಆನ್ ಮಾಡಿ, ಮುಚ್ಚಳ ಹಾಕಿ, ಕೇಬಲ್ ಸಿಗಿಸಿ, ಆನ್ ಮಾಡಿ. ಪಾಸ್‌ವರ್ಡ್ ಕೇಳದೇ ಮುಂದೆ ಹೋಗತ್ತೆ. ಎಫ್9 ಒತ್ತಿ ಸಿಸ್ಟಮ್ ಯುಟಿಲಿಟೀಸ್ ಒಳಗೆ ಹೋಗಿ, ಸರ್ವರ್ ಸೆಕ್ಯೂರಿಟಿ ಅನ್ನೋ ಜಾಗದಲ್ಲಿ ಪವರ್-ಆನ್ ಪಾಸ್‌ವರ್ಡ್ ತೆಗೆದು ಎಫ್10 ಒತ್ತಿ ಸೇವ್ ಮಾಡಿ. ಆಮೇಲೆ ಮತ್ತೆ ಆಫ್, ಮತ್ತೆ ಎರಡೂ ಕೇಬಲ್ ಹೊರಗೆ, ಎಸ್5 ವಾಪಸ್ ಆಫ್‌ಗೆ. ಈ ಕೊನೇ ಹೆಜ್ಜೆ ಬಿಡೋರು ಬಹಳ, "ಹೆಂಗೂ ನಡೀತಿದೆಯಲ್ಲ" ಅಂತ. ಸ್ವಿಚ್ ಆನ್‌ನಲ್ಲೇ ಬಿಟ್ರೆ ಮುಂದೆ ನೀವೇ ಹೊಸ ಪಾಸ್‌ವರ್ಡ್ ಇಟ್ರೂ ಅದಕ್ಕೆ ಬೆಲೆ ಇಲ್ಲ, ಅದೂ ಇದು ಸಂಘದ ಲೆಕ್ಕ ಇಡೋ ಯಂತ್ರ.

ಇನ್ನೊಂದು, ಬಿಲ್ ಇದೆ ಅಂದ್ರಲ್ಲ, ಒಳ್ಳೇದು, ಅದನ್ನ ಜೋಪಾನವಾಗಿ ಇಟ್ಕೊಳ್ಳಿ. ಹಳೇ ಡಿಸ್ಕ್‌ಗಳೂ ಜೊತೆಗೇ ಬಂದಿದ್ರೆ ಒಳಗಿರೋ ಡೇಟಾ ನೋಡೋ ಕುತೂಹಲ ಬೇಡ, ಪೂರ್ತಿ ಅಳಿಸಿ ಆಮೇಲೆ ಬಳಸಿ.

ಪ್ರಶ್ನೆ: ನಮಸ್ಕಾರ್ರೀ ಸರ್. ನಮ್ಮ ಕಾಲೇಜ್ ಲ್ಯಾಬ್‌ನ್ಯಾಗ ಒಂದು ಜೆನ್9 ಸರ್ವರ್ ಐತ್ರಿ. ಬಯೋಸ್ ಸೆಟ್ಟಿಂಗ್ ಏನೋ ಗೊಂದಲ ಆಗಿತ್ತಂತ ಯಾರೋ ಎಸ್6 ಆನ್ ಮಾಡಂದ್ರು, ಮಾಡೀನ್ರಿ. ಈಗ ಚಾಲೂ ಅಕ್ಕೈತಿ ಖರೆ, ಆದ್ರ ವಿಂಡೋಸ್ ಬರವಲ್ತು, ನೆಟ್‌ವರ್ಕ್ ಬೂಟ್‌ಗೆ ಹೋಗಿ ನಿಂತ್ ಬಿಡ್ತೈತಿ. ಹುಡುಗರ ಮಾರ್ಕ್ಸ್ ಎಲ್ಲಾ ಅದ್ರಾಗ ಅದಾವ್ರಿ. ಹೋತೇನ್ರಿ ಎಲ್ಲಾ?
(ಲ್ಯಾಬ್ ಇನ್‌ಸ್ಟ್ರಕ್ಟರ್, ಹುಬ್ಬಳ್ಳಿ)

ಉತ್ತರ: ಹೋಗಿರೋ ಸಾಧ್ಯತೆ ಬಹಳ ಕಮ್ಮಿ, ಧೈರ್ಯವಾಗಿರಿ. ಆದ್ರೆ ಈಗಿಂದ ನೀವೇನು ಒತ್ತುತೀರಿ ಅನ್ನೋದರ ಮೇಲೆ ಹೋಗಲೂಬಹುದು, ಹಂಗಾಗಿ ಇದನ್ನ ಪೂರ್ತಿ ಓದೋವರೆಗೂ ಸರ್ವರ್ ಮುಟ್ಬೇಡಿ.

ಎಸ್6 ಆನ್ ಇಟ್ಟು ಸ್ಟಾರ್ಟ್ ಮಾಡಿದ್ರೆ ಸಿಸ್ಟಮ್ ಆರ್‌ಓಎಂ, ಅಂದ್ರೆ ಬಯೋಸು, "ನನ್ನ ಹತ್ರ ಇರೋ ಕಾನ್ಫಿಗರೇಶನ್ ಅಮಾನ್ಯ" ಅಂತ ತಿಳ್ಕೊಂಡು ಸಿಮೋಸ್ ಮತ್ತೆ ಎನ್‌ವಿರಾಮ್ (ಬೋರ್ಡು ಸೆಟ್ಟಿಂಗ್ ಬರೆದಿಟ್ಕೊಳ್ಳೋ ಜಾಗಗಳು) ಎರಡರಲ್ಲೂ ಇರೋ ಸೆಟ್ಟಿಂಗ್ ಅಳಿಸಿ ಫ್ಯಾಕ್ಟರಿ ಸ್ಥಿತಿಗೆ ಹೋಗತ್ತೆ. ಅಳಿಸೋದು ಬಯೋಸ್ ಸೆಟ್ಟಿಂಗು, ಡಿಸ್ಕ್ ಅಲ್ಲ. ಆದರೆ ಡಿಸ್ಕ್‌ನ ಹೆಂಗೆ ಓದ್ಬೇಕು ಅನ್ನೋ ಮಾಹಿತಿ ಆ ಸೆಟ್ಟಿಂಗಲ್ಲೇ ಇತ್ತಲ್ಲ, ತೊಂದರೆ ಶುರುವಾಗೋದು ಅಲ್ಲಿಂದ.

ಮೊದಲ ಗುಮಾನಿ ಬೂಟ್ ಮೋಡ್ ಮೇಲೆ. ಜೆನ್9 ಬಂದಿದ್ದು 2014ರಲ್ಲಿ, ಅದರ ಡೀಫಾಲ್ಟ್ ಯುಇಎಫ್‌ಐ. ಆದ್ರೆ ಆ ಕಾಲಕ್ಕೆ ಬಹಳಷ್ಟು ಜನ ಹಳೇ ಅಭ್ಯಾಸದಲ್ಲಿ ಲೆಗಸಿ ಮೋಡ್‌ಗೆ ಹಾಕಿ ವಿಂಡೋಸ್ ಇನ್‌ಸ್ಟಾಲ್ ಮಾಡಿದಾರೆ. ನಿಮ್ಮದೂ ಹಾಗೇ ಇದ್ದಿದ್ರೆ ಈಗ ಎಸ್6ನಿಂದ ಅದು ಯುಇಎಫ್‌ಐಗೆ ಜಿಗಿದಿದೆ, ಯುಇಎಫ್‌ಐಗೆ ಲೆಗಸಿಯಲ್ಲಿ ಹಾಕಿದ ವಿಂಡೋಸ್ ಕಾಣಲ್ಲ, ಬೇರೆ ಏನೂ ಸಿಗದೇ ನೆಟ್‌ವರ್ಕ್ ಬೂಟ್‌ಗೆ ಹೋಗಿ ನಿಂತಿದೆ. ಮಾಡಬೇಕಾದ್ದು: ಮೊದಲು ಎಸ್6 ಆಫ್ ಮಾಡಿದೀರಾ ನೋಡಿ (ಆನ್‌ನಲ್ಲೇ ಇದ್ರೆ ಪ್ರತೀ ಸಲ ಅಳಿಸ್ತಾನೇ ಇರತ್ತೆ, ಮೇಂಟೆನೆನ್ಸ್ ಸ್ವಿಚ್ ಆನ್ ಇದೆ ಅಂತ ಸ್ಟಾರ್ಟ್ ಆಗೋವಾಗ ಸ್ಕ್ರೀನ್ ಮೇಲೆ ಸಂದೇಶಾನೂ ಬರತ್ತೆ). ಆಮೇಲೆ ಎಫ್9 ಒತ್ತಿ ಬೂಟ್ ಆಪ್ಶನ್ಸ್‌ಗೆ ಹೋಗಿ, ಯುಇಎಫ್‌ಐ ಆಪ್ಟಿಮೈಸ್ಡ್ ಬೂಟ್ ಅನ್ನೋದನ್ನ ಡಿಸೇಬಲ್ ಮಾಡಿ, ಬೂಟ್ ಮೋಡ್ ಲೆಗಸಿ ಬಯೋಸ್‌ಗೆ ಹಾಕಿ, ಎಫ್10 ಒತ್ತಿ ಸೇವ್, ರೀಬೂಟ್. ಹತ್ತರಲ್ಲಿ ಎಂಟು ಸಲ ಕತೆ ಇಲ್ಲಿಗೇ ಮುಗಿಯತ್ತೆ ಅನ್ನೋದು ನನ್ನ ಅಂದಾಜು.

ಅಷ್ಟಾದ್ರೂ ಬರ್ಲಿಲ್ಲ ಅಂದ್ರೆ ರೇಡ್ ಕಡೆ, ಅಂದ್ರೆ ಹಲವು ಡಿಸ್ಕ್ ಸೇರಿಸಿ ಒಂದೇ ಗುಂಪಾಗಿ (ಅರೇ) ಬಳಸೋ ವ್ಯವಸ್ಥೆ ಕಡೆ ನೋಡ್ಬೇಕು. ನಿಮ್ಮದು ಪಿ440ಎಆರ್ ತರದ ಸ್ಮಾರ್ಟ್ ಅರೇ ಕಂಟ್ರೋಲರ್ ಆಗಿದ್ರೆ ಚಿಂತೆ ಕಮ್ಮಿ, ಯಾವ ಡಿಸ್ಕ್ ಯಾವ ಅರೇಗೆ ಸೇರಿದ್ದು ಅನ್ನೋ ಮಾಹಿತಿ ಡಿಸ್ಕ್‌ಗಳ ಮೇಲೇ ಬರೆದಿರತ್ತೆ, ಎಸ್6 ಅಲ್ಲಿಗೆ ಕೈ ಹಾಕಲ್ಲ. ಆದರೆ ಬೋರ್ಡ್‌ಗೇ ಅಂಟಿಕೊಂಡು ಬರೋ ಬಿ140ಐ ಇದ್ರೆ ಅದು ಸಾಫ್ಟ್‌ವೇರ್ ರೇಡ್, ಸಾಟಾ ಕಂಟ್ರೋಲರ್ ಯಾವ ಮೋಡ್‌ನಲ್ಲಿದೆ ಅನ್ನೋದು ಬಯೋಸ್ ಸೆಟ್ಟಿಂಗ್. ರೇಡ್ ಮೋಡ್‌ನಲ್ಲಿ ಇದ್ದಿದ್ದು ಎಎಚ್‌ಸಿಐಗೆ ಹೋಗಿದ್ರೆ ಒಂದು ಅರೇ ಇದ್ದ ಜಾಗದಲ್ಲಿ ಬಿಡಿಬಿಡಿ ಡಿಸ್ಕ್‌ಗಳು ಕಾಣ್ತವೆ. ಆ ಸ್ಥಿತಿಯಲ್ಲಿ ವಿಂಡೋಸ್ ಸಿಡಿ ಹಾಕಿ "ರಿಪೇರಿ ಮಾಡೋಣ" ಅಂತ ಹೋದ್ರೆ ಒಂದೇ ಡಿಸ್ಕ್ ಮೇಲೆ ಬರೆದು ಜೋಡಿ ಹಾಳಾಗತ್ತೆ. ಬೂಟ್ ಮೋಡ್ ಯುಇಎಫ್‌ಐಗೆ ತಂದು (ಬಿ140ಐ ರೇಡ್ ನಡೆಯೋದು ಅದರಲ್ಲಿ ಮಾತ್ರ), ಸಾಟಾ ಮೋಡ್ ವಾಪಸ್ ರೇಡ್‌ಗೆ ಹಾಕಿ ನೋಡಿ. ಮತ್ತೆ ದಯವಿಟ್ಟು, ಎಷ್ಟೇ ಗಾಬರಿ ಆದ್ರೂ, "ಕ್ರಿಯೇಟ್ ಅರೇ", "ಇನಿಶಿಯಲೈಸ್ ಡಿಸ್ಕ್", "ಕ್ಲಿಯರ್ ಕಾನ್ಫಿಗರೇಶನ್" ಅನ್ನೋ ಮೂರರಲ್ಲಿ ಯಾವುದಕ್ಕೂ "ಯೆಸ್" ಒತ್ಬೇಡಿ, ಡೇಟಾ ನಿಜವಾಗಲೂ ಹೋಗೋದು ಅಲ್ಲೇ, ಎಸ್6ನಿಂದ ಅಲ್ಲ.

ವಿಂಡೋಸ್ ಬಂದ ಮೇಲೆ ಇನ್ನೊಂದು ಕಾಟ ಇರತ್ತೆ. ಡೇಟು, ಟೈಮು ತಪ್ಪಾಗಿದ್ರೆ ಡೊಮೈನ್ ಲಾಗಿನ್ ಆಗಲ್ಲ, ಕರ್ಬರೋಸ್ ಅನ್ನೋ ವ್ಯವಸ್ಥೆ ಮಾಮೂಲಿಯಾಗಿ 5 ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸ ಒಪ್ಪಲ್ಲ. ಜನ ಪಾಸ್‌ವರ್ಡ್ ತಪ್ಪು ಅಂದ್ಕೊಂಡು ಅದನ್ನ ಬದಲಾಯಿಸೋಕೆ ಹೋಗ್ತಾರೆ, ಮೊದಲು ಗಡಿಯಾರ ನೋಡಿ. ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕೋ ಬೀಗ) ಹಾಕಿದ್ರೆ 48 ಅಂಕಿಯ ರಿಕವರಿ ಕೀ ಕೇಳಬಹುದು, ಅದು ಯಾರ ಹತ್ರ ಇದೆ ಅಂತ ಈಗಲೇ ಹುಡುಕಿಟ್ಕೊಳ್ಳಿ. ವರ್ಚುವಲ್ ಮಶೀನ್ ನಡೆಸ್ತಿದ್ರೆ ವರ್ಚುವಲೈಸೇಶನ್ ಸೆಟ್ಟಿಂಗು, ಕರೆಂಟ್ ಹೋಗಿ ಬಂದಾಗ ತಾನೇ ಆನ್ ಆಗ್ಬೇಕಾ ಅನ್ನೋ ಸೆಟ್ಟಿಂಗು, ಫ್ಯಾನ್ ಸೆಟ್ಟಿಂಗು ಎಲ್ಲಾ ಒಂದ್ಸಲ ನೋಡ್ಕೊಂಡು ಬನ್ನಿ.

ಇನ್ನು ಎಸ್6 ಆನ್ ಮಾಡಂದ ಆ ಮಹಾನುಭಾವರಿಗೆ ಒಂದು ಮಾತು ಹೇಳಿ: ಎಫ್9 ಒಳಗೇ ಡೀಫಾಲ್ಟ್ ಸೆಟ್ಟಿಂಗ್ ವಾಪಸ್ ತರೋ ಆಪ್ಶನ್ ಇದೆ. ಬಯೋಸ್ ಸ್ಕ್ರೀನ್‌ಗೆ ಹೋಗೋಕೆ ಆಗ್ತಿರೋವಾಗ ಮುಚ್ಚಳ ಬಿಚ್ಚೋ ಕೆಲಸವೇ ಇರಲಿಲ್ಲ. ಎಸ್6 ಇರೋದು ಆ ಸ್ಕ್ರೀನೂ ಬರದೇ ಇದ್ದಾಗ.

ಪ್ರಶ್ನೆ: ಐಎಲ್‌ಓ ಪಾಸ್‌ವರ್ಡ್ ಗೊತ್ತಿದ್ದವರು ಕೆಲಸ ಬಿಟ್ಟು ಹೋಗಿದಾರೆ. ಸರ್ವರ್ ನಡೀತಿದೆ, ಹಗಲು ನಿಲ್ಸೋ ಹಾಗಿಲ್ಲ. ಎಸ್1 ಹಾಕಿದ್ರೆ ಸರಿಹೋಗತ್ತೆ ಅಂತ ಓದಿದೆ. ನಿಜಾನಾ?
(ಖಾಸಗಿ ಕಂಪನಿ ಸಿಸ್ಟಮ್ ಅಡ್ಮಿನ್, ಮೈಸೂರು)

ಉತ್ತರ: ನಿಜ, ಆದ್ರೆ ನಿಮಗೆ ಅದು ಬೇಕಾಗಲ್ಲ. ಎಸ್1 ಹಾಕೋಕೆ ಸರ್ವರ್ ಆಫ್ ಮಾಡಿ ಬಿಚ್ಲೇಬೇಕು. ನಿಮ್ಮ ಹತ್ರ ಓಎಸ್‌ನ ರೂಟ್ ಇಲ್ಲಾ ಅಡ್ಮಿನಿಸ್ಟ್ರೇಟರ್ ಲಾಗಿನ್ ಇದೆಯಲ್ಲ, ಅಲ್ಲಿಂದಲೇ ಎಚ್‌ಪಿಆನ್‌ಕಾನ್ಫ್ ಅನ್ನೋ (ಆಜ್ಞೆಯಲ್ಲಿ ಎಚ್, ಪಿ, ಓ, ಎನ್, ಸಿ, ಎಫ್, ಜಿ ಅಂತ ಬರೀಬೇಕು) ಟೂಲ್ ಇನ್‌ಸ್ಟಾಲ್ ಮಾಡಿ, ಯೂಸರ್ ಪಾಸ್‌ವರ್ಡ್ ಬದಲಿಸೋ ಒಂದು ಪುಟ್ಟ ಎಕ್ಸ್‌ಎಂಎಲ್ ಫೈಲ್ ಕೊಟ್ರೆ ಹಳೇ ಐಎಲ್‌ಓ ಪಾಸ್‌ವರ್ಡ್ ಕೇಳದೇ ಹೊಸದು ಕೂರತ್ತೆ, ಸರ್ವರ್ ನಿಲ್ಸೋದೇ ಬೇಡ. ಐಎಲ್‌ಓ 5ರಲ್ಲಿ ಹೆಚ್ಚಿನ ಭದ್ರತೆಯ ಮೋಡ್ ಹಾಕಿಟ್ಟಿದ್ರೆ ಮಾತ್ರ ಇದು ನಡಿಯಲ್ಲ. ಅದಕ್ಕೂ ಮುಂಚೆ ಸರ್ವರಿನ ಮುಂದುಗಡೆ ಎಳೆದ್ರೆ ಹೊರಗೆ ಬರೋ ಪ್ಲಾಸ್ಟಿಕ್ ಪಟ್ಟಿ ಇದೆಯಾ ನೋಡಿ, ಫ್ಯಾಕ್ಟರಿ ಪಾಸ್‌ವರ್ಡ್ ಅದರ ಮೇಲೇ ಪ್ರಿಂಟ್ ಆಗಿರತ್ತೆ, ಯಾರೂ ಬದಲಾಯಿಸದೇ ಇದ್ರೆ ಅದೇ ನಡೆಯತ್ತೆ.

ಇದ್ಯಾವ್ದೂ ಆಗದೇ ಇದ್ದಾಗ, ಉದಾಹರಣೆಗೆ ಅಡ್ಮಿನ್ ಹಕ್ಕಿರೋ ಯೂಸರ್‌ಗಳನ್ನೆಲ್ಲಾ ಯಾರೋ ಡಿಲೀಟ್ ಮಾಡಿದಾರೆ, ಇಲ್ಲಾ ಐಎಲ್‌ಓನೇ ಡಿಸೇಬಲ್ ಮಾಡಿಟ್ಟಿದಾರೆ, ಇಲ್ಲಾ ನೆಟ್‌ವರ್ಕ್ ಸೆಟ್ಟಿಂಗ್ ಕೆಟ್ಟು ಹೋಗಿ ಐಎಲ್‌ಓ ಕಾಣ್ತಾನೇ ಇಲ್ಲ, ಅಂಥ ಹೊತ್ತಿಗೆ ಎಸ್1. ಅದು ಆನ್ ಇದ್ದಷ್ಟು ಹೊತ್ತು ಐಎಲ್‌ಓ ಯಾರನ್ನೂ ಯಾವ ಹಕ್ಕೂ ಕೇಳಲ್ಲ, ಆ ಹೊತ್ತಲ್ಲೂ ಅದು ಎಂದಿನಂತೆ ನೆಟ್‌ವರ್ಕ್ ಮೇಲೆ ಇರಬಹುದು. ಬಾಗಿಲು ತೆಗೆದಿಟ್ಟು ಸಂತೆಗೆ ಹೋದ ಹಾಗೆ. ಹಾಗಾಗಿ ಎಸ್1 ಹಾಕೋ ಮುಂಚೆ ಐಎಲ್‌ಓ ಪೋರ್ಟಿನ ನೆಟ್‌ವರ್ಕ್ ಕೇಬಲ್ ಕಿತ್ತಿಡಿ, ಎದುರಿಗೆ ಕೂತು ಎಫ್9 ಮೆನುವಿಂದ ಹೊಸ ಯೂಸರ್ ಮಾಡಿ, ಎಸ್1 ಆಫ್ ಮಾಡಿದ ಮೇಲೇ ಕೇಬಲ್ ಸಿಗಿಸಿ. ಎಸ್1 ಹಾಕಿದ್ದು ಐಎಲ್‌ಓ ಲಾಗ್‌ನಲ್ಲೂ ದಾಖಲಾಗತ್ತೆ, ಹಾಗಾಗಿ ಮ್ಯಾನೇಜರ್‌ಗೆ ಮೊದಲೇ ಒಂದು ಮೇಲ್ ಹಾಕಿಟ್ರೆ ನಿಮಗೇ ಕ್ಷೇಮ.

ಪಾಸ್‌ವರ್ಡ್ ಗೊತ್ತಿದೆ, ಐಎಲ್‌ಓ ಪೇಜ್ ಮಾತ್ರ ತೆರೀತಿಲ್ಲ ಅನ್ನೋರಿಗೆ: ಜೆನ್9 ಮತ್ತೆ ಆಮೇಲಿನ ಸರ್ವರ್‌ಗಳಲ್ಲಿ ನೀಲಿ ಲೈಟಿನ ಯುಐಡಿ ಬಟನ್ 5ರಿಂದ 9 ಸೆಕೆಂಡ್ ಒತ್ತಿ ಹಿಡಿದ್ರೆ ಐಎಲ್‌ಓ ಮಾತ್ರ ನಿಧಾನವಾಗಿ ರೀಬೂಟ್ ಆಗತ್ತೆ, 10 ಸೆಕೆಂಡ್ ದಾಟಿದ್ರೆ ಹಾರ್ಡ್‌ವೇರ್ ರೀಬೂಟ್. ಓಎಸ್‌ಗೆ ಏನೂ ಆಗಲ್ಲ. ಇದು ಗೊತ್ತಿಲ್ಲದೇ ಕೇಬಲ್ ಕೀಳೋರೇ ಜಾಸ್ತಿ.

ಪ್ರಶ್ನೆ: ನಮ್ಮದು ಹಳೇ ಜೆನ್8. ಬಯೋಸ್ ಅಪ್‌ಡೇಟ್ ಹಾಕಿದ್ದೆ, ಅರ್ಧಕ್ಕೆ ಕರೆಂಟ್ ಹೋಯ್ತು, ಯುಪಿಎಸ್ ಬ್ಯಾಟರಿನೂ ಕೈ ಕೊಡ್ತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕತೆ ನಿಮಗೆ ಗೊತ್ತಲ್ಲ. ಈಗ ಫ್ಯಾನ್ ಜೋರಾಗಿ ತಿರುಗತ್ತೆ, ಸ್ಕ್ರೀನ್ ಕಪ್ಪು. ಬೋರ್ಡ್ ಬದಲಿಸ್ಲೇಬೇಕಾ?
(ಓದುಗರು, ಶಿರಸಿ)

ಉತ್ತರ: ಇನ್ನೂ ಒಂದು ದಾರಿ ಇದೆ. ಈ ಸರ್ವರ್‌ಗಳಲ್ಲಿ ಬಯೋಸ್ ಎರಡು ಪ್ರತಿ ಇರತ್ತೆ, ಈಗ ನಡೀತಿರೋದು ಒಂದು, ಹಿಂದಿನದು ಒಂದು. ಅಪ್‌ಡೇಟ್ ಹಾಕಿದಾಗ ಹೊಸದು ಕೂತ್ರೂ ಹಳೇದು ಬ್ಯಾಕಪ್ ಆಗಿ ಉಳಿದಿರತ್ತೆ. ಸಾಮಾನ್ಯವಾಗಿ ಈಗಿನದು ಕೆಟ್ಟಿದೆ ಅಂತ ಗೊತ್ತಾದ್ರೆ ತಾನಾಗೇ ಬ್ಯಾಕಪ್‌ಗೆ ಹೋಗ್ಬೇಕು, ಹೋಗದಿದ್ರೆ ಕೈಯಲ್ಲಿ ಕಳಿಸ್ಬೇಕು. ಆಫ್ ಮಾಡಿ, ಕೇಬಲ್‌ಗಳನ್ನೆಲ್ಲಾ ಕಿತ್ತು, ಎಸ್1, ಎಸ್5, ಎಸ್6 ಮೂರನ್ನೂ ಒಟ್ಟಿಗೇ ಆನ್ ಮಾಡಿ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕಾಯಿರಿ, ಫ್ಯಾನ್ ಸದ್ದಿನ ನಡುವೆ ಎರಡು ಬೀಪ್ ಕೇಳಿಸ್ಬೇಕು. ಕೇಳಿಸಿದ ಮೇಲೆ ಮತ್ತೆ ಆಫ್, ಮೂರೂ ಸ್ವಿಚ್ ವಾಪಸ್ ಆಫ್, ಸ್ಟಾರ್ಟ್.

ಇಲ್ಲಿ ಗಮನಿಸ್ಬೇಕಾದ್ದು, ಈ ಮೂರು ಒಟ್ಟಿಗೇ ಇದ್ದಾಗ ಅದರ ಅರ್ಥವೇ ಬೇರೆ, ಬಿಡಿಬಿಡಿಯಾಗಿ ಹಾಕಿದ್ರೆ ಬೇರೆ. ಎಸ್6 ಒಂದನ್ನೇ ಹಾಕಿ ಬಯೋಸ್ ಸರಿಹೋಗತ್ತಾ ನೋಡೋಣ ಅಂತ ಹೊರಟ್ರೆ ಸೆಟ್ಟಿಂಗ್ ಕಳ್ಕೊಳ್ತೀರಿ ಅಷ್ಟೇ. ಇನ್ನೊಂದು ಉಪಾಯ, ಸ್ಕ್ರೀನ್ ಕಪ್ಪಾಗಿದ್ರೂ ಐಎಲ್‌ಓ ಬದುಕಿದೆಯಾ ಬ್ರೌಸರ್‌ನಲ್ಲಿ ನೋಡಿ, ಅದು ಬೇರೆ ಚಿಪ್, ಬಯೋಸ್ ಸತ್ತರೂ ನಡೀತಿರತ್ತೆ. ಐಎಲ್‌ಓ 4ರ ಈಚಿನ ಫರ್ಮ್‌ವೇರ್ ಇದ್ರೆ ಅದರ ಫರ್ಮ್‌ವೇರ್ ಪೇಜ್‌ನಿಂದಲೇ ಬಯೋಸ್ ಫೈಲ್ ಅಪ್‌ಲೋಡ್ ಮಾಡ್ಬಹುದು. ಎರಡು ಪ್ರತಿಯೂ ಕೆಟ್ಟಿದ್ದು, ಐಎಲ್‌ಓನಿಂದಲೂ ಆಗದಿದ್ರೆ ಆಗ ಬೋರ್ಡ್ ಮಾತು. ಮತ್ತೆ ಯುಪಿಎಸ್ ಬ್ಯಾಟರಿ ಬದಲಿಸದೇ ಈ ಕೆಲಸಕ್ಕೆ ಕೈ ಹಾಕ್ಬೇಡಿ, ಮಳೆಗಾಲ ಮುಗಿಯೋವರೆಗೂ ಕಾದ್ರೂ ಅಡ್ಡಿಯಿಲ್ಲ.

ಪ್ರಶ್ನೆ: ನಮ್ಮ ಆಫೀಸಿನ ಲಿನಕ್ಸ್ ಸರ್ವರ್ ಆಗಾಗ ಜಾಮ್ ಆಗ್ತದೆ ಮಾರಾಯ್ರೆ. ಮೌಸ್ ಇಲ್ಲ, ಕೀಬೋರ್ಡ್ ಇಲ್ಲ, ಪಿಂಗ್ ಸಹ ಇಲ್ಲ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ ಆನ್ ಮಾಡಿದರೆ ಸರಿಯಾಗ್ತದೆ, ಲಾಗ್ ನೋಡಿದರೆ ಏನೂ ಇಲ್ಲ. ಬೋರ್ಡಿನಲ್ಲಿ ಎನ್‌ಎಂಐ ಅಂತ ಎರಡು ಪಿನ್ ಉಂಟು, ಅದರಿಂದ ಏನಾದರೂ ಪ್ರಯೋಜನ ಉಂಟಾ?
(ಓದುಗರು, ಮಂಗಳೂರು)

ಉತ್ತರ: ಉಂಟು, ಅದೂ ನಿಮ್ಮಂಥ ಕೇಸಿಗೇ ಇಟ್ಟಿರೋದು. ಬಟನ್ ಒತ್ತಿ ಹಿಡಿದು ಆಫ್ ಮಾಡಿದ ಕ್ಷಣ ಮೆಮೊರಿಯಲ್ಲಿದ್ದ ಸಾಕ್ಷಿ ಎಲ್ಲಾ ಹೋಯ್ತು, ಜಾಮ್ ಆದ ಯಂತ್ರ ಡಿಸ್ಕ್‌ಗೆ ಲಾಗ್ ಬರೆಯೋ ಸ್ಥಿತಿಯಲ್ಲೂ ಇರಲ್ಲ, ಹಾಗಾಗಿ ಲಾಗ್ ಖಾಲಿ. ಎನ್‌ಎಂಐ ಅಂದ್ರೆ ಪ್ರೊಸೆಸರ್ ತಳ್ಳಿಹಾಕೋಕೆ ಆಗದೇ ಇರೋ ಒಂದು ಸಂಕೇತ, ಓಎಸ್ ಎಷ್ಟೇ ಸಿಕ್ಕಿಹಾಕ್ಕೊಂಡಿದ್ರೂ ಅದನ್ನ ಎಬ್ಬಿಸಿ "ಈಗ ಮೆಮೊರಿಯಲ್ಲಿ ಇರೋದನ್ನ ಇದ್ದ ಹಾಗೇ ಡಿಸ್ಕ್‌ಗೆ ಬರಿ" ಅಂತ ಹೇಳೋಕೆ ಅದರಿಂದ ಸಾಧ್ಯ.

ಆದರೆ ಪಿನ್ ಶಾರ್ಟ್ ಮಾಡೋಕೆ ಮುಚ್ಚಳ ತೆಗೆದು ನಡೀತಿರೋ ಬೋರ್ಡ್ ಮೇಲೆ ಕೈ ಹಾಕ್ಬೇಕು, ಅದನ್ನ ನಾನು ಯಾರಿಗೂ ಹೇಳಲ್ಲ. ಐಎಲ್‌ಓದಲ್ಲಿ ಡಯಾಗ್ನಾಸ್ಟಿಕ್ಸ್ ಪೇಜ್‌ಗೆ ಹೋದ್ರೆ ಎನ್‌ಎಂಐ ಕಳಿಸೋ ಬಟನ್ ಇದೆ, ಕುರ್ಚಿ ಬಿಟ್ಟು ಏಳದೇ ಅದೇ ಕೆಲಸ ಆಗತ್ತೆ. ಆದ್ರೆ ತಯಾರಿ ಮೊದಲೇ ಮಾಡಿಟ್ಟಿರ್ಬೇಕು, ಜಾಮ್ ಆದ ಮೇಲೆ ಮಾಡೋಕಾಗಲ್ಲ. ಕೆಡಂಪ್ (ಲಿನಕ್ಸ್ ಬಿದ್ದಾಗ ಮೆಮೊರಿಯನ್ನ ಡಿಸ್ಕ್‌ಗೆ ಬರೆಯೋದು) ಸರ್ವಿಸ್ ಆನ್ ಇರಬೇಕು, ಅದಕ್ಕೆ ಕರ್ನಲ್ ಸ್ಟಾರ್ಟ್ ಆಗೋವಾಗಲೇ ಸ್ವಲ್ಪ ಮೆಮೊರಿ ತೆಗೆದಿಡ್ಬೇಕು, ಗೊತ್ತಿಲ್ಲದ ಎನ್‌ಎಂಐ ಬಂದಾಗ ಪ್ಯಾನಿಕ್ ಆಗು ಅನ್ನೋ ಸಿಸ್ಕಂಟ್ರೋಲ್ ಸೆಟ್ಟಿಂಗ್ 1ಕ್ಕೆ ಹಾಕಿರ್ಬೇಕು, ಡಂಪ್ ಬೀಳೋ ಡಿಸ್ಕ್‌ನಲ್ಲಿ ಜಾಗ ಇರ್ಬೇಕು. ವಿಂಡೋಸ್ ಸರ್ವರ್ ಇರೋರಿಗೆ 2012 ಇಲ್ಲಾ ಅದರ ನಂತರದ್ದಾದ್ರೆ ಎನ್‌ಎಂಐಗೆ ಡಂಪ್ ತಾನಾಗೇ ಆಗತ್ತೆ, 2008 ಆರ್2 ಆದ್ರೆ ರಿಜಿಸ್ಟ್ರಿಯಲ್ಲಿ ಒಂದು ವ್ಯಾಲ್ಯೂ ಸೇರಿಸ್ಬೇಕು. ಚೆನ್ನಾಗಿ ನಡೀತಿರೋ ಸರ್ವರ್‌ಗೆ "ಒಂದ್ಸಲ ಒತ್ತಿ ನೋಡೋಣ" ಅಂತ ಹೋಗ್ಬೇಡಿ ಮಾತ್ರ, ಒತ್ತಿದ ತಕ್ಷಣ ಬೀಳತ್ತೆ, ಬೀಳಿಸೋದೇ ಅದರ ಕೆಲಸ. ಡಂಪ್ ಸಿಕ್ಕಿದ ಮೇಲೆ ಓಎಸ್ ಸಪೋರ್ಟ್‌ನವರಿಗೆ ಕೊಡಿ, ತಪ್ಪು ಡ್ರೈವರ್‌ದಾ ಹಾರ್ಡ್‌ವೇರ್‌ದಾ ಅನ್ನೋ ಜಗಳ ಅರ್ಧ ಅಲ್ಲೇ ಇತ್ಯರ್ಥ ಆಗತ್ತೆ.

ಪ್ರಶ್ನೆ: ಮುಂದಿನ ಹೆಲ್ತ್ ಲೈಟ್ ಕೆಂಪು ಮಿನುಗ್ತಿದೆ. ಯಾವ ಸ್ವಿಚ್ ಹಾಕ್ಲಿ?
(ಓದುಗರು, ತುಮಕೂರು)

ಉತ್ತರ: ಯಾವುದೂ ಬೇಡ. ಅಂಬರ್ ಮಿನುಗಿದ್ರೆ ಏನೋ ಒಂದು ದುರ್ಬಲ ಆಗಿದೆ ಅಂತ, ಕೆಂಪು ಮಿನುಗಿದ್ರೆ ಗಂಭೀರ ಅಂತ. ಸ್ವಿಚ್ ಹಾಕಿದ್ರೆ ಕೆಟ್ಟ ಮೆಮೊರಿ ಸ್ಟಿಕ್ಕು ರಿಪೇರಿ ಆಗಲ್ಲ, ಸತ್ತ ಫ್ಯಾನ್ ತಿರುಗಲ್ಲ. ಐಎಲ್‌ಓದಲ್ಲಿ ಇಂಟಿಗ್ರೇಟೆಡ್ ಮ್ಯಾನೇಜ್‌ಮೆಂಟ್ ಲಾಗ್ ತೆರೆದು ಓದಿ, ಯಾವ ಪ್ರೊಸೆಸರಿನ ಎಷ್ಟನೇ ಸ್ಲಾಟಿನ ಮೆಮೊರಿ ಅಂತ ಅಲ್ಲೇ ಬರೆದಿರತ್ತೆ. ಆ್ಯಕ್ಟಿವ್ ಹೆಲ್ತ್ ಸಿಸ್ಟಮ್ ಲಾಗ್ ಡೌನ್‌ಲೋಡ್ ಮಾಡಿ ಬೇರೆ ಕಂಪ್ಯೂಟರಿನಲ್ಲಿ ಇಟ್ಕೊಳ್ಳಿ, ವಾರಂಟಿ ಇದ್ರೆ ಕಂಪನಿಯವರು ಮೊದಲು ಕೇಳೋದು ಅದನ್ನೇ. ಸರ್ವರ್ ಸ್ಟಾರ್ಟೇ ಆಗ್ತಿಲ್ಲ ಅಂದ್ರೆ ಒಂದು ಪ್ರೊಸೆಸರ್, ಒಂದು ಮೆಮೊರಿ ಸ್ಟಿಕ್, ಎಕ್ಸ್‌ಟ್ರಾ ಕಾರ್ಡ್ ಏನೂ ಇಲ್ಲದೇ ಹಾಕಿ ನೋಡಿ, ಬಂದ್ರೆ ಒಂದೊಂದಾಗಿ ಸೇರಿಸ್ತಾ ಹೋಗಿ.

ಪ್ರಶ್ನೆ: ನನ್ನ ಹತ್ರ ಡೆಲ್ ಪವರ್‌ಎಡ್ಜ್ ಒಂದು, ಸೂಪರ್‌ಮೈಕ್ರೋ ಒಂದು ಇದೆ. ಇವಕ್ಕೂ ಎಸ್5, ಎಸ್6 ಇರತ್ತಾ? ಮತ್ತೆ ಸ್ವಿಚ್ಚು ತುಂಬಾ ಚಿಕ್ಕದು, ಪೆನ್ಸಿಲ್ ತುದಿಯಲ್ಲಿ ಸರಿಸ್ಬಹುದಾ?
(ಓದುಗರು, ಕಲಬುರಗಿ)

ಉತ್ತರ: ಪೆನ್ಸಿಲ್ ಬೇಡ. ಅದರ ಸೀಸ ಅಂದ್ರೆ ಗ್ರಾಫೈಟು, ಕರೆಂಟ್ ಹರಿಯತ್ತೆ, ಪುಡಿ ಉದುರಿ ಸ್ವಿಚ್ಚಿನೊಳಗೆ ಸೇರಿದ್ರೆ ಆಮೇಲೆ ಅದು ಆನ್ ಇದೆಯೋ ಆಫ್ ಇದೆಯೋ ಅಂತ ಬೋರ್ಡಿಗೇ ಗೊತ್ತಾಗಲ್ಲ. ಹಲ್ಲುಕಡ್ಡಿ ಸಾಕು, ಇಲ್ಲಾ ಪ್ಲಾಸ್ಟಿಕ್‌ನ ಸಣ್ಣ ಚೂಪು ತುದಿ ಏನಾದ್ರೂ.

ಡೆಲ್‌ನಲ್ಲಿ ಸ್ವಿಚ್ ಸಾಲಿಲ್ಲ, ಜಂಪರ್ ಇರತ್ತೆ, ಅಂದ್ರೆ ಎರಡು ಪಿನ್‌ಗೆ ಟೋಪಿ ಹಾಕಿದ ಹಾಗಿರೋ ಪುಟ್ಟ ಪ್ಲಾಸ್ಟಿಕ್ ತುಂಡು. ಬೋರ್ಡ್ ಮೇಲೆ ಎರಡು ಹೆಸರು ಬರೆದಿರತ್ತೆ, ಒಂದು ಪಾಸ್‌ವರ್ಡ್‌ಗೆ, ಇನ್ನೊಂದು ಎನ್‌ವಿರಾಮ್ ಅಳಿಸೋಕೆ. ಬಹಳಷ್ಟು ಪವರ್‌ಎಡ್ಜ್‌ಗಳಲ್ಲಿ ಪಾಸ್‌ವರ್ಡ್ ಜಂಪರ್ 2 ಮತ್ತೆ 4ನೇ ಪಿನ್ ಮೇಲಿದ್ರೆ ಪಾಸ್‌ವರ್ಡ್ ಚಾಲ್ತಿ, 4 ಮತ್ತೆ 6ಕ್ಕೆ ಸರಿಸಿದ್ರೆ ಇಲ್ಲ. ಸರಿಸಿ ಒಂದ್ಸಲ ಪೂರ್ತಿ ಬೂಟ್ ಆಗೋಕೆ ಬಿಡಿ, ಆಗ ಹಳೇ ಪಾಸ್‌ವರ್ಡ್ ಅಳಿಯತ್ತೆ. ಹೊಸ ಪಾಸ್‌ವರ್ಡ್ ಇಡೋ ಮುಂಚೆ ಜಂಪರ್ ವಾಪಸ್ ಮೊದಲಿನ ಜಾಗಕ್ಕೆ ಹಾಕ್ಲೇಬೇಕು, ಹಾಕದೇ ಇಟ್ರೆ ಮುಂದಿನ ಬೂಟ್‌ನಲ್ಲಿ ಹೊಸದೂ ಹೋಗತ್ತೆ. ಎನ್‌ವಿರಾಮ್ ಜಂಪರ್ ಮಾಮೂಲಿಯಾಗಿ 3 ಮತ್ತೆ 5ರ ಮೇಲೆ, 1 ಮತ್ತೆ 3ಕ್ಕೆ ಹಾಕಿದ್ರೆ ಸೆಟ್ಟಿಂಗ್ ಅಳಿಯತ್ತೆ, ಹುಬ್ಬಳ್ಳಿಯವರಿಗೆ ಹೇಳಿದ ಎಚ್ಚರಿಕೆ ಎಲ್ಲಾ ಇಲ್ಲಿಗೂ ಅನ್ವಯ. ಟೋಪಿ ಬಿದ್ದು ಬೋರ್ಡಿನ ಸಂದಿಗೆ ಹೋದ್ರೆ ಹುಡುಕೋದು ಕಷ್ಟ, ಚಿಮಟ ಇಟ್ಕೊಳ್ಳಿ.

ಸೂಪರ್‌ಮೈಕ್ರೋದಲ್ಲಿ ಸೆಟ್ಟಿಂಗ್ ಅಳಿಸೋಕೆ ಸ್ವಿಚ್ಚೂ ಇಲ್ಲ, ಟೋಪಿಯೂ ಇಲ್ಲ. ಜೆಬಿಟಿ1 ಅಂತ ಬರೆದಿರೋ ಎರಡು ಪುಟ್ಟ ಲೋಹದ ಚುಕ್ಕೆ ಇರತ್ತೆ. ಕೈತಪ್ಪಿ ಯಾರೂ ಅಳಿಸದೇ ಇರಲಿ ಅಂತಲೇ ಹೀಗೆ, ನನಗೆ ಇಷ್ಟವಾದ ವಿನ್ಯಾಸ ಇದು. ಪವರ್ ಕೇಬಲ್ ಎಲ್ಲಾ ಕಿತ್ತು, ಬೋರ್ಡಿನ ಸೆಲ್ಲೂ ತೆಗೆದು, ಸಣ್ಣ ಸ್ಕ್ರೂಡ್ರೈವರ್‌ನಿಂದ ಆ ಎರಡು ಚುಕ್ಕೆಯನ್ನ ಕನಿಷ್ಠ 4 ಸೆಕೆಂಡ್ ಒಟ್ಟಿಗೆ ಮುಟ್ಟಿಸಿ ಹಿಡೀರಿ. ಕೇಬಲ್ ಕೀಳದೇ ಮಾಡಿದ್ರೆ ಬೋರ್ಡಿಗೇ ಅಪಾಯ, ಪವರ್ ಬಟನ್ನಿನ ಪಿನ್‌ಗಳೂ ಅಲ್ಲೆಲ್ಲೋ ಇರ್ತವೆ, ಅವನ್ನ ಇದಕ್ಕೆ ಬಳಸ್ಬೇಡಿ. ಸೆಲ್ ವಾಪಸ್ ಹಾಕೋವಾಗ ಪ್ಲಸ್ ಗುರುತು ಯಾವ ಕಡೆ ಇತ್ತು ಅಂತ ತೆಗೆಯೋ ಮುಂಚೆಯೇ ನೋಡ್ಕೊಳ್ಳಿ, ಮತ್ತೆ ನಿಮ್ಮ ಮಾಡೆಲ್‌ನ ಮ್ಯಾನ್ಯುಯಲ್ ಪಿಡಿಎಫ್ ಮೊಬೈಲ್‌ಗೆ ಇಳಿಸ್ಕೊಂಡೇ ಕೂರಿ, ಪಿನ್ ನಂಬರ್ ಮಾಡೆಲ್‌ನಿಂದ ಮಾಡೆಲ್‌ಗೆ ಬದಲಾಗತ್ತೆ.